ಎರಡನೆಯ ಕೊಂಬು

ಗುರುವಾರ, ಮಧ್ಯಾಹ್ನ
ಅಂಗಡಿಯಿಂದ

ಪೇಪರಿನಲ್ಲಿ ಮಾತ್ರ ಮುಖ ತೋರಿಸುವ ನನ್ನ ತಮ್ಮನಿಗೆ ಅಕ್ಕ ಬರೆಯುವುದು.

ನೀನು ಕ್ಷೇಮ ಎಂಬುದು ಕ್ರೀಡಾಪುಟ ಓದುವವರಿಗೆಲ್ಲ ಗೊತ್ತಿರುವ ವಿಷಯ, ಅದನ್ನು ಕೇಳುವುದಿಲ್ಲ. ನಮ್ಮ ಕ್ಷೇಮ ಯಾವ ಪುಟದಲ್ಲೂ ಅಚ್ಚಾಗುವುದಿಲ್ಲವಾದ್ದರಿಂದ ನಾನೇ ತಿಳಿಸುತ್ತೇನೆ. ಅಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ಆಗಾಗ ಹಿಡಿದುಕೊಳ್ಳುತ್ತದೆ, ಗಂಟಲು ಮಾತ್ರ ಮೊದಲಿನ ಹಾಗೆಯೇ ಇದೆ. ಶಾಲೆಯ ಗೇಟಿನಲ್ಲಿ ನಿಂತು ಒಂದು ಸಲ ಕೂಗಿದರೆ ಮೈದಾನದ ಆಚೆ ತುದಿಯಲ್ಲಿರುವ ಮಕ್ಕಳೂ ಒಳಗೆ ಬಂದು ಕೂರುತ್ತಾರೆ. ಇನ್ನೊಬ್ಬ ಆಯಾ ಬಂದಿದ್ದರೂ ಆ ಕೆಲಸವನ್ನು ಇವಳ ಗಂಟಲಿಗೇ ಬಿಟ್ಟಿದ್ದಾರೆ. ನಾನೂ ಚೆನ್ನಾಗಿದ್ದೇನೆ. ಸಿಟ್ಟೊಂದಿದೆ, ಅದನ್ನು ಕೆಳಗೆ ಬರೆಯುತ್ತೇನೆ.

ನಿನ್ನ ಮೆಸೇಜು ಸೋಮವಾರ ಬಂತು. ಊರು ಬಿಟ್ಟು ಎರಡು ವರ್ಷವಾದ ಮೇಲೆ ನನಗೆ ನೀನು ಬರೆದ ಮೊದಲ ಉದ್ದದ ಮಾತು. ಹೇಗಿದ್ದೀಯ ಅಕ್ಕ ಅಂತ ಒಂದು ಸಾಲು ಇರಬಹುದೇನೋ ಎಂದು ಎರಡು ಸಲ ಮೇಲೆ ಕೆಳಗೆ ಹುಡುಕಿದೆ, ಇರಲಿಲ್ಲ. ಇದ್ದದ್ದು ಇಷ್ಟು: ಭಾನುವಾರದ ಪಂದ್ಯಕ್ಕೆ ನಿನ್ನ ಹೊಸ ತಂಡ ಇಲ್ಲಿಗೆ ಬರುತ್ತದೆ. ನೀನೂ ಬಸ್ಸಿನಲ್ಲಿರುತ್ತೀಯ. ಆದರೆ ಇಳಿಯುವುದಿಲ್ಲ, ತೊಡೆ ಹಿಡಿದುಕೊಂಡಿದೆ ಅಂತ ಡಾಕ್ಟರಿಗೆ ಹೇಳಿ ಒಳಗೇ ಕೂತುಬಿಡುತ್ತೀಯ. ಯಾಕೆಂದರೆ ನಮ್ಮ ಗ್ಯಾಲರಿಯವರು ನಿನ್ನನ್ನು ಗುಂಡ ಅಂತ ಕೂಗಿ ಅಣಕಿಸಲು ಡ್ರಮ್ಮು ಬಾರಿಸಿ ತಾಲೀಮು ಮಾಡುತ್ತಿರುವ ವಿಡಿಯೋ ನಿನ್ನ ಕಣ್ಣಿಗೆ ಬಿತ್ತು. ಮನೆಯೊಳಗಿನ ಹೆಸರು ಬೀದಿಗೆ ಹೋದದ್ದು ಹೇಗೆ, ಯಾರು ಬಾಯಿ ಬಿಟ್ಟರು, ಕಂಡುಹಿಡಿ, ಅವನನ್ನ ನಾನು ಸುಮ್ಮನೆ ಬಿಡಲ್ಲ ಅಂತ ಬರೆದಿದ್ದೀಯ. ಆ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತೆ ಅಂತಲೂ ಬರೆದಿದ್ದೀಯ.

ಮೈ ಉರಿಯುವುದು ಎಂದರೇನು ಅಂತ ಈ ಕಾಗದ ಮುಗಿಯುವಷ್ಟರಲ್ಲಿ ನಿನಗೆ ಸರಿಯಾಗಿ ತಿಳಿಯುತ್ತದೆ. ಫೋನು ಮಾಡುತ್ತಿದ್ದೆ. ಫೋನಿನಲ್ಲಾದರೆ ನೀನು ಮಧ್ಯೆ ಮಧ್ಯೆ ಅಕ್ಕಾ ಅಕ್ಕಾ ಎಂದು ಅಡ್ಡಬಾಯಿ ಹಾಕುತ್ತೀಯ, ಆ ದನಿಗೆ ನಾನು ಕರಗುತ್ತೇನೆ, ಹೇಳಬೇಕಾದ್ದು ಹೊಟ್ಟೆಯೊಳಗೇ ಉಳಿಯುತ್ತದೆ. ಕಾಗದಕ್ಕೆ ಅಡ್ಡಬಾಯಿ ಹಾಕಲು ಬರುವುದಿಲ್ಲ. ಇದನ್ನು ತಂದುಕೊಡುವವನು ಯಾರು ಗೊತ್ತೇ? ನಮ್ಮ ಸೀಟಿ. ನಿನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಈಗ ನೀನಿರುವ ಊರಿನ ಬಸ್ಸಿಗೆ ಕಂಡಕ್ಟರು. ಬಸ್ಸಿನಲ್ಲಿ ಊದುವ ಸೀಟಿಯನ್ನೇ ತಂದು ಗ್ಯಾಲರಿಯಲ್ಲೂ ಊದುತ್ತಾನೆ, ವಿಡಿಯೋದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕೈ ಬೀಸುತ್ತಿರುವವನು ಅವನೇ. ಅವನನ್ನು ಗೇಟಿನಲ್ಲಿ ನಿಲ್ಲಿಸಿ ಮಾತಾಡಿಸಬೇಡ. ಒಳಗೆ ಕರೆದು ಒಂದು ಲೋಟ ನೀರು ಕೊಡು, ಬಿಸಿಲಿನಲ್ಲಿ ಬಂದಿರುತ್ತಾನೆ.

ಮೊದಲು ನೀನು ಹೋದದ್ದರಿಂದಲೇ ಶುರು ಮಾಡೋಣ. ಫುಟ್‌ಬಾಲ್ ಕಪ್ಪಿನ ಕೊನೆಯ ಪಂದ್ಯಕ್ಕೆ ಹತ್ತು ದಿನವಿತ್ತು. ಮೊಣಕಾಲು ಪರೀಕ್ಷೆ ಮಾಡಿಸಬೇಕು, ಎರಡು ದಿನದಲ್ಲಿ ಬರ್ತೀನಿ ಅಂತ ನೀನು ಅಮ್ಮನಿಗೆ ಹೇಳಿದೆ. ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್ಷು, ಅಷ್ಟೇ ಚೀಲದಲ್ಲಿ. ಮೂರನೆಯ ದಿನ ಬೆಳಿಗ್ಗೆ ಸೀಟಿ ಪೇಪರು ಹಿಡಿದು ಅಂಗಡಿಗೆ ಬಂದು, ಅಕ್ಕ ಇದು ಸುಳ್ಳು ಅಲ್ವಾ, ಸುಳ್ಳು ಅಂತ ಹೇಳಿ ಅಂತ ನನ್ನ ಮುಖವನ್ನೇ ನೋಡುತ್ತ ನಿಂತ. ಫೋಟೋದಲ್ಲಿ ನೀನು ಇನ್ನೊಂದು ಊರಿನ ಕೆಂಪು ಜೆರ್ಸಿ ಹಿಡಿದು ನಗುತ್ತಿದ್ದೆ. ನನ್ನ ಕೈಯಲ್ಲಿ ಯಾರದೋ ಪ್ಯಾಂಟಿನ ಕಾಲು ಇತ್ತು. ಸುಳ್ಳು ಇರಬೇಕು ಕಣೋ ಅಂದೆ. ಹಾಗಂದು ಅವನನ್ನು ಕಳಿಸಿ, ಅಮ್ಮನಿಗೆ ಹೇಗೆ ಹೇಳುವುದು ಅಂತ ತಿಳಿಯದೆ ಒಂದೇ ಪ್ಯಾಂಟಿನ ಕಾಲನ್ನು ಎರಡು ಸಲ ಹೊಲಿದೆ.

ನಿನಗೆ ಹೆಚ್ಚು ಸಂಬಳ ಕೊಡುವವರ ಹತ್ತಿರ ಹೋಗಬಾರದು ಅಂತ ನಾನು ಯಾವತ್ತೂ ಹೇಳಿಲ್ಲ. ಅಕ್ಕ, ಹೀಗೆ ಕರೀತಿದ್ದಾರೆ, ಹೋಗ್ಲಾ ಅಂತ ಒಂದು ಮಾತು ಕೇಳಿದ್ದರೆ, ಹೋಗೋ ಅಂತ ನಾನೇ ಚೀಲಕ್ಕೆ ಬಟ್ಟೆ ತುಂಬಿಸುತ್ತಿದ್ದೆ. ನೀನು ಕೇಳಲಿಲ್ಲ. ಹತ್ತು ದಿನವಾದ ಮೇಲೆ ನೀನಿಲ್ಲದ ತಂಡ ಒಂದು ಗೋಲಿನಿಂದ ಸೋತಿತು. ಮರುದಿನ ನಾನು ಅಂಗಡಿ ತೆರೆಯಲು ಬಂದರೆ ಶಟರಿನ ಮೇಲೆ ಡಾಂಬರು. ಸೀಮೆಎಣ್ಣೆ ಹಾಕಿ ಉಜ್ಜಿದರೆ ಬಾಗಿಲ ಬಣ್ಣ ಹೋಯಿತು, ಡಾಂಬರು ಹೋಗಲಿಲ್ಲ. ಎರಡು ವರ್ಷದಿಂದ ಅದನ್ನು ಎತ್ತುತ್ತಿದ್ದೇನೆ, ಇಳಿಸುತ್ತಿದ್ದೇನೆ. ನಿನ್ನನ್ನು ಹೆಗಲ ಮೇಲೆ ಹೊತ್ತು ಇದೇ ಬೀದಿಯಲ್ಲಿ ಕುಣಿದವರು ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತ, ನನಗೆ ಕೇಳಲಿ ಅಂತಲೇ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದರು. ಅವರ ಮೇಲೂ ನನಗೆ ಸಿಟ್ಟಿದೆ. ಬೈದವರು ಸಾಯಂಕಾಲ ಅದೇ ಬಾಯಲ್ಲಿ, ಅಕ್ಕ ಈ ಜಿಪ್ಪು ಸ್ವಲ್ಪ ಸರಿ ಮಾಡಿಕೊಡಿ ಅಂತ ಬರುತ್ತಿದ್ದರು. ಮಾಡಿಕೊಟ್ಟೆ. ಆದರೆ ಅವರಿಗೆಲ್ಲ ಮುಖ ಕೊಟ್ಟು ಇಲ್ಲಿ ನಿಂತವಳು ನಾನು. ನೀನು ಎಲ್ಲಿ ನಿಂತಿದ್ದೆ?

ಹೋದ ವರ್ಷ ನಿನ್ನ ತಂಡ ಇಲ್ಲಿಗೆ ಬಂದಾಗ ನಿನಗೆ ಜ್ವರ ಬಂತು. ಈ ವರ್ಷ ತೊಡೆ. ಮುಂದಿನ ವರ್ಷಕ್ಕೆ ಯಾವುದನ್ನು ಇಟ್ಟುಕೊಂಡಿದ್ದೀಯ? ಎದುರಾಳಿಯ ಇಬ್ಬರು ಆಳು ಮೈಮೇಲೆ ಬಿದ್ದರೂ ಎದ್ದು ಓಡುವವನು, ಮನೆಯಿಂದ ಮುನ್ನೂರು ಹೆಜ್ಜೆ ದೂರದ ಮೈದಾನಕ್ಕೆ ಇಳಿಯಲು ಹೆದರುತ್ತೀಯಲ್ಲ, ನಿನಗೆ ನಾಚಿಕೆಯಾಗುವುದಿಲ್ಲವೇ?

ಸರಿ. ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೆಸರು ಹೊರಗೆ ಹೋದದ್ದು ಹೇಗೆ ಅಂತ ಕೇಳಿದೆಯಲ್ಲ. ನಾಲ್ಕು ತಿಂಗಳ ಹಿಂದೆ ಟೀವಿಯಲ್ಲಿ ಕೂತು ನೀನು ಮಾತಾಡಿದ್ದು ನೆನಪಿದೆಯೇ? ನಿನಗೆ ನೆನಪಿರುವುದಿಲ್ಲ, ಅಂಥವು ನಿನಗೆ ದಿನಕ್ಕೆರಡು. ನನಗೆ ಒಂದೊಂದು ಅಕ್ಷರವೂ ನೆನಪಿದೆ. ನಾನು, ಅಮ್ಮ ಇಬ್ಬರೂ ಊಟದ ತಟ್ಟೆ ಹಿಡಿದು ಕೂತು ನೋಡುತ್ತಿದ್ದೆವು. ಎಲ್ಲರೂ ನಿಮ್ಮನ್ನ ಗುಂಡು ಅಂತಾರಲ್ಲ, ಬಂದೂಕಿನ ಗುಂಡಿನ ಹಾಗೆ ಹೊಡೀತೀರಿ ಅಂತಾನಾ ಆ ಹೆಸರು ಅಂತ ನಿನ್ನೆದುರು ಕೂತಿದ್ದ ಟೀವಿಯ ಹುಡುಗಿ ಕೇಳಿದಳು. ನೀನು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದೆ: ಅಯ್ಯೋ ಅದಾ, ನಮ್ಮಕ್ಕ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಅವಳಿಗೆ ಕಾಗುಣಿತ ಬರಲ್ಲ, ನನ್ನ ಮೊದಲನೇ ಜೆರ್ಸಿಗೆ ಹೆಸರು ಹೊಲಿಯುವಾಗ ಒಂದು ಕೊಂಬು ಜಾಸ್ತಿ ಹಾಕಿಬಿಟ್ಟಳು, ಆ ತಪ್ಪಿನಿಂದ ನಾನು ಗುಂಡು ಆದೆ ಅಂತ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಗಾದರೆ ಸರಿಯಾದ ಹೆಸರು ಏನು ಅಂತ ಕೇಳಿದಳು. ಅದು ಗುಟ್ಟು ಅಂತ ನೀನು ತುಟಿಯ ಮೇಲೆ ಬೆರಳಿಟ್ಟುಕೊಂಡೆ. ಇಬ್ಬರೂ ಮತ್ತೆ ನಕ್ಕಿರಿ. ನನ್ನ ಪಕ್ಕದಲ್ಲಿ ಅಮ್ಮನೂ ನಕ್ಕು, ನಿನ್ನ ಕೊಂಬಿಂದಾನೇ ಕಣೆ ಅವನು ಇಷ್ಟು ದೊಡ್ಡವನಾಗಿದ್ದು ಅಂತ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನಾನು ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದೆ.

ಅಪ್ಪ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ, ನನಗೆ ಹನ್ನೆರಡು. ಅಮ್ಮ ಶಾಲೆಯ ಕೆಲಸಕ್ಕೆ ಸೇರಿದಳು. ಅಪ್ಪನ ಹೊಲಿಗೆ ಮಿಷನ್ನಿನ ಪೆಡಲು ತುಳಿಯಲು ಮನೆಯಲ್ಲಿ ಉಳಿದಿದ್ದ ಕಾಲು ನನ್ನವು ಮಾತ್ರ. ಅದೂ ಪೂರ್ತಿ ಎಟುಕುತ್ತಿರಲಿಲ್ಲ, ಸ್ಟೂಲಿನ ತುದಿಗೆ ಜಾರಿ ಕೂರಬೇಕಾಗಿತ್ತು. ಹಾಗಾಗಿ ನಾನು ಶಾಲೆ ಬಿಟ್ಟದ್ದು ನಿಜ. ಅದನ್ನು ನಾಲ್ಕು ಜನರೆದುರು ನಗುವ ಮಾತಾಗಿ ಮಾಡಿದ್ದು ನೀನು. ನೀನು ತಿನ್ನುತ್ತಿದ್ದ ಅನ್ನ ಆ ಮಿಷನ್ನಿನದು ಅಂತ ನಾನು ಎತ್ತಿ ಆಡುವುದಿಲ್ಲ. ಆದರೆ ಅಷ್ಟು ನೆನಪಿಟ್ಟುಕೊಂಡು ನಗಬಹುದಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಸೀಟಿ ಹಾಜರು. ಕೈಯಲ್ಲಿ ಅವನ ಹಳೆಯ ನೀಲಿ ಜೆರ್ಸಿ, ಬೆನ್ನಿನ ಮೇಲೆ ನಿನ್ನ ಹೆಸರು, ನಾನೇ ಹೊಲಿದದ್ದು. ಕೆಲವರು ತಮ್ಮದನ್ನು ಸುಟ್ಟರು, ಕೆಲವರು ಬೈಕು ಒರೆಸಿದರು. ಇವನು ಅಷ್ಟು ದಿನವೂ ಮಡಿಸಿ ಇಟ್ಟುಕೊಂಡಿದ್ದನಂತೆ. ಅಕ್ಕ, ನಿಮ್ಮ ತಮ್ಮನಿಗೆ ಕೊಂಬು ಬಂದಿದೆ, ಮನೆಯವರನ್ನೇ ಟೀವಿಯಲ್ಲಿ ಆಡಿಕೊಂಡು ನಗ್ತಾನೆ ಅಂದ. ಬೇರೆ ಯಾವತ್ತಾದರೂ ಆಗಿದ್ದರೆ ಅವನ ಕಿವಿ ಹಿಂಡಿ ಕಳಿಸುತ್ತಿದ್ದೆ. ನನ್ನ ತಮ್ಮನನ್ನು ನನ್ನೆದುರು ಅನ್ನಲು ಅವನು ಯಾರು? ಅವತ್ತು ಅವನ ಕಿವಿಗೆ ಕೈ ಹಾಕಲಿಲ್ಲ. ಅವನು ತಡೆದು ತಡೆದು ಕೇಳಿದ: ಅಲ್ಲಕ್ಕ, ಸರಿಯಾದ ಕಾಗುಣಿತ ಏನು ಹಾಗಾದ್ರೆ?

ನಾನು ಬಾಯಿ ಬಿಡಲಿಲ್ಲ. ಆ ಜೆರ್ಸಿ ಎಳೆದು ಮಡಿಲಲ್ಲಿ ಹಾಕಿಕೊಂಡೆ. ಗುಂಡು ಎನ್ನುವುದಕ್ಕೆ ಎರಡು ಕೊಂಬು, ಗಕ್ಕೊಂದು, ಡಕ್ಕೊಂದು. ಅರ್ಧ ಬ್ಲೇಡು ತೆಗೆದುಕೊಂಡು ಡ ಅಕ್ಷರದ ಕೊಂಬಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದೆ. ಬಿಚ್ಚಿ, ದಾರ ಊದಿ, ಅವನ ಕೈಗೆ ಕೊಟ್ಟೆ. ಅವನು ಓದಿದ. ಗುಂಡ ಅಂತ ಮೆಲ್ಲಗೆ ಒಂದು ಸಲ, ಜೋರಾಗಿ ಒಂದು ಸಲ. ಆಮೇಲೆ ಬೀದಿಯಲ್ಲೇ ಕುಣಿದುಬಿಟ್ಟ.

ಸುಮ್ಮನೆ ಬಿಡಲ್ಲ ಅಂದೆಯಲ್ಲ, ಅದು ಅವನಲ್ಲ, ಅವಳು. ನಾನೇ. ಬಾ, ಏನು ಮಾಡುತ್ತೀಯೋ ಮಾಡು, ಅಂಗಡಿಯಲ್ಲೇ ಇರುತ್ತೇನೆ.

ಸಿಟ್ಟಿನಲ್ಲಿ ಮಾಡಿದೆ, ತಿಳಿದೂ ಮಾಡಿದೆ. ಕಾಗುಣಿತ ಬರದವಳು ತಪ್ಪು ತಿದ್ದಿಕೊಂಡಳು ಅಂತ ತಿಳಿದುಕೋ. ಒಂದು ಜೆರ್ಸಿಗೆ ನಿಲ್ಲುತ್ತದೆ ಅಂದುಕೊಂಡಿದ್ದೆ, ಅಲ್ಲಿ ಮಾತ್ರ ನಾನು ಬೆಪ್ಪಾದೆ. ವಾರದೊಳಗೆ ಅಂಗಡಿಯ ಮುಂದೆ ಸಾಲು. ಟ್ರಂಕಿನ ತಳದಿಂದ, ಅಟ್ಟದಿಂದ, ಎಲ್ಲೆಲ್ಲಿಂದಲೋ ನಿನ್ನ ಜೆರ್ಸಿಗಳು ಎದ್ದು ಬಂದವು. ಅವನಿಗೇನು ಎರಡು ಕೊಂಬಾ, ಒಂದು ಮುರೀರಿ ಅಕ್ಕ ಅಂತ ಎಲ್ಲರ ಬಾಯಲ್ಲೂ ಒಂದೇ ಮಾತು. ಒಬ್ಬ ಬಸ್ ಡ್ರೈವರು, ಒಂದು ಯಾಕೆ, ಎರಡೂ ಮುರೀರಿ ಅಂತ ಹಟ ಹಿಡಿದ. ಓದಿ ನೋಡಪ್ಪ, ಎರಡೂ ತೆಗೆದರೆ ಏನು ಉಳಿಯುತ್ತೆ ಅಂತ ಹೇಳಿದೆ, ಕೇಳಲಿಲ್ಲ. ತೆಗೆದುಕೊಟ್ಟೆ. ಬೆನ್ನ ಮೇಲೆ ಗಂಡ ಅಂತ ಹೊತ್ತುಕೊಂಡು ಗ್ಯಾಲರಿಯೆಲ್ಲ ತಿರುಗಿದ. ಹಿಂದೆ ಬರುತ್ತಿದ್ದ ಅವನ ಹೆಂಡತಿ, ಬರೆದು ಅಂಟಿಸಿದ ಮೇಲಾದರೂ ನೆನಪಿರಲಿ ಅಂದಳಂತೆ. ಅದನ್ನು ಕೇಳಿ ಎಷ್ಟೋ ದಿನದ ಮೇಲೆ ನಾನು ಮನಸಾರೆ ನಕ್ಕೆ. ನಕ್ಕ ಮೇಲೆ ನಿನ್ನ ನೆನಪಾಗಿ ಮತ್ತೆ ಸಿಟ್ಟು ಬಂತು.

ಒಂದು ಮಾತು ಹೇಳುತ್ತೇನೆ, ನಂಬುವುದಾದರೆ ನಂಬು. ಹೊಲಿಗೆ ಬಿಚ್ಚಿದರೂ ಸೂಜಿ ತೂರಿದ ತೂತು ಹೋಗುವುದಿಲ್ಲ. ಕೊಂಬು ಇದ್ದ ಜಾಗದಲ್ಲಿ ಸಣ್ಣ ಸಣ್ಣ ತೂತಿನ ಸಾಲು, ಬಿಸಿಲಿಗೆ ಹಿಡಿದರೆ ಗುಂಡು ಅಂತಲೇ ಕಾಣುತ್ತದೆ. ಸೀಟಿಗೆ ಅದು ಸರಿಬೀಳಲಿಲ್ಲ, ಇಸ್ತ್ರಿ ಹಾಕಿ ಮುಚ್ಚಿ ಅಕ್ಕ ಅಂದ. ಹಾಕಿದೆ. ಮುಚ್ಚಲಿಲ್ಲ. ಹಾಗೇ ಇರಲಿ ಬಿಡಿ ಅಂತ ಎತ್ತಿಕೊಂಡು ಹೋದ.

ಇನ್ನು ಅಮ್ಮನ ವಿಷಯ. ಇದಕ್ಕಾಗಿಯೇ ನಿನಗೆ ಕಾಗದ ಬರೆಯುತ್ತಿರುವುದು, ಇಲ್ಲದಿದ್ದರೆ ನಿನ್ನ ತೊಡೆ, ನಿನ್ನ ಬಸ್ಸು, ಎಲ್ಲಾದರೂ ಕೂತುಕೋ ಅಂತ ಬಿಟ್ಟುಬಿಡುತ್ತಿದ್ದೆ.

ನೀನು ಏಳು ವರ್ಷ ಈ ಊರಿಗೆ ಆಡಿದೆ. ಅಮ್ಮ ಒಂದು ಸಲವೂ ಸ್ಟೇಡಿಯಂ ಒಳಗೆ ಕಾಲಿಡಲಿಲ್ಲ. ನೀನು ಬೀಳುವುದನ್ನು ನೋಡಲಾರಳು ಅಂತ ನಾವೆಲ್ಲ ಅಂದುಕೊಂಡಿದ್ದೆವು, ಅವಳೂ ಹಾಗೆಯೇ ಹೇಳುತ್ತಿದ್ದಳು. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅಲ್ಲಿಂದ ಬರುವ ಗದ್ದಲ ಕೇಳಿಯೇ ಗೋಲು ಯಾರದು ಅಂತ ಹೇಳುತ್ತಿದ್ದಳು, ಒಂದೂ ತಪ್ಪುತ್ತಿರಲಿಲ್ಲ. ಹೋದ ಭಾನುವಾರ ಸೀಟಿಯ ದಂಡು ಬೀದಿಯ ಕೊನೆಯಲ್ಲಿ ಡ್ರಮ್ಮು ಇಟ್ಟುಕೊಂಡು ತಾಲೀಮು ಶುರು ಮಾಡಿತು. ಬಾರೋ ಗುಂಡ, ಬಾರೋ ಗುಂಡ, ಒಂದು ಸಲ ಬಾರೋ ಗುಂಡ ಅಂತ. ಧೈರ್ಯವಿದ್ದರೆ ಬಾ ಅಂತ ಅದರ ಅರ್ಥ. ನಿನಗೆ ತಿಳಿಯಿತು, ನನಗೆ ತಿಳಿಯಿತು, ಬೀದಿಗೆಲ್ಲ ತಿಳಿಯಿತು. ಅಮ್ಮ ಕಾಳು ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಎದ್ದು ಬಾಗಿಲಿಗೆ ಹೋದಳು.

ಈಗ ಅಳುತ್ತಾಳೆ, ಇಲ್ಲವೇ ಬೀದಿಗಿಳಿದು ಅವರಿಗೆ ಬೈಯುತ್ತಾಳೆ ಎಂದುಕೊಂಡೆ. ಅವಳು ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ಕೇಳಿದಳು. ಆಮೇಲೆ ತಿರುಗಿ ನನ್ನ ಕಡೆ ನೋಡಿ ಹೇಳಿದ್ದು ಇಷ್ಟು: ನೋಡೇ, ಊರಿಗೆಲ್ಲ ಅವನ ಮೇಲಿದ್ದ ಕೋಪ ಇಳೀತು, ಎಷ್ಟು ಪ್ರೀತಿಯಿಂದ ಕರೀತಿದಾರೆ ನೋಡು ಅಂತ. ಆಮೇಲೆ ಇನ್ನೊಂದು ಮಾತು ಹೇಳಿದಳು. ಇಷ್ಟು ವರ್ಷ ಗುಂಡು ಗುಂಡು ಅಂತ ಕೂಗೋವಾಗ ಯಾರದೋ ಮಗನ್ನ ಕರೆದ ಹಾಗೆ ಇರ್ತಿತ್ತು, ಅದಕ್ಕೇ ನಾನು ಒಳಗೆ ಹೋಗ್ತಿರಲಿಲ್ಲ, ಈಗ ನನ್ನ ಮಗನ್ನೇ ಕರೀತಿದಾರೆ, ಈ ಭಾನುವಾರ ನಾನೂ ಹೋಗ್ತೀನಿ ಅಂತ.

ನಾನು ಏನು ಹೇಳಬೇಕಾಗಿತ್ತು, ನೀನೇ ಹೇಳು. ಅಮ್ಮ, ಅದು ಬೈಗುಳ, ನಿನ್ನ ಮಗನಿಗೆ ನೀನಿಟ್ಟ ಹೆಸರು ಈ ಊರಿನಲ್ಲಿ ಈಗ ಬೈಗುಳ, ಅದನ್ನು ಬೈಗುಳ ಮಾಡಿದವಳು ನಾನು ಅಂತ ಹೇಳಬೇಕಾಗಿತ್ತೇ? ಹೂಂ ಹೋಗೋಣ ಅಂದೆ.

ಸಾಯಂಕಾಲ ಅವಳೇ ಸೀಟಿಯನ್ನು ಕರೆದು ನನಗೊಂದು ಟಿಕೆಟ್ ಬೇಕಲ್ಲೋ, ಮುಂದಿನ ಸಾಲಿನಲ್ಲೇ ಕೊಡಿಸು, ನಾನು ಕರೆದರೆ ಅವನಿಗೆ ಕೇಳಬೇಕು ಅಂದಳು. ನೀವೆಲ್ಲ ಎಷ್ಟು ಚೆನ್ನಾಗಿ ಕರೀತೀರಪ್ಪ ಅಂತ ಅವನ ತಲೆ ಸವರಿದಳು. ಸೀಟಿಯ ಮುಖ ನೀನು ನೋಡಬೇಕಿತ್ತು. ಬಸ್ಸಿನಲ್ಲಿ ಎಪ್ಪತ್ತು ಜನರ ಹತ್ತಿರ ಜಗಳಾಡುವವನು ತರ್ತೀನಮ್ಮ ಅಂತ ನೆಲಕ್ಕೆ ಹೇಳಿ ಹೊರಟುಹೋದ. ಮರುದಿನ ಅಂಗಡಿಗೆ ಬಂದು, ಅಕ್ಕ ನಾವು ಏನು ಮಾಡಿಬಿಟ್ವಿ, ನಿಲ್ಲಿಸಿಬಿಡೋಣ್ವಾ ಅಂತ ಕೇಳಿದ. ನಿಲ್ಲಿಸಿದರೆ ಯಾಕೆ ನಿಲ್ಲಿಸಿದಿರಿ ಅಂತ ಕೇಳುತ್ತಾಳೆ ಕಣೋ, ಏನಂತ ಹೇಳ್ತೀಯ ಅಂತ ನಾನೇ ಅವನಿಗೆ ಜೋರು ಮಾಡಿದೆ. ಇಡೀ ಸ್ಟೇಡಿಯಮ್ಮಿನ ಬಾಯಿ ಮುಚ್ಚಿಸಲು ಅವನ ಒಂದು ಸೀಟಿಗೆ ಆಗುತ್ತದೆಯೇ? ಟಿಕೆಟ್ಟು ಮಾತ್ರ ತಂದುಕೊಟ್ಟ. ಮೊದಲನೆಯ ಸಾಲು, ಮೈದಾನಕ್ಕೆ ಇಳಿಯುವ ಬಾಗಿಲಿನ ಪಕ್ಕ. ಅವಳ ಅಕ್ಕಪಕ್ಕ ಅವನೂ ನಾನೂ ಕೂರುತ್ತೇವೆ.

ಅವಳು ನಿನ್ನ ಮೊದಲನೆಯ ಜೆರ್ಸಿ ಹಾಕಿಕೊಂಡು ಬರುತ್ತಾಳಂತೆ. ಹದಿನೇಳನೆಯ ವಯಸ್ಸಿನಲ್ಲಿ ಆಗಲೇ ಮೈ ತುಂಬಿಕೊಂಡಿದ್ದೆಯಲ್ಲ, ಈಗ ಅಮ್ಮನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಸರಿಯಾಗುತ್ತದೆ. ನಿನ್ನೆ ಅದನ್ನು ಟ್ರಂಕಿನಿಂದ ತೆಗೆದು ನನ್ನ ಮುಂದಿಟ್ಟು, ಎಲ್ಲರದ್ದೂ ತಿದ್ದಿಕೊಟ್ಟೆಯಂತೆ, ನನ್ನದೂ ತಿದ್ದಿಕೊಡು, ಒಂಬತ್ತು ವರ್ಷದಿಂದ ತಪ್ಪು ಹಾಗೇ ಇದೆ ಅಂದಳು. ತಿದ್ದಿಕೊಟ್ಟಿದ್ದೇನೆ. ಊರಿನವರದ್ದೆಲ್ಲ ಬಿಚ್ಚುವಾಗ ಬ್ಲೇಡು ತಾನಾಗಿ ಓಡುತ್ತಿತ್ತು, ಇದೊಂದಕ್ಕೆ ಒಂದು ತಾಸು ಬೇಕಾಯಿತು.

ಈಗ ನೀನು ಮಾಡಬೇಕಾದ್ದು ಹೇಳುತ್ತೇನೆ, ಕಿವಿಗೊಟ್ಟು ಕೇಳು. ನಿನ್ನ ತೊಡೆಗೆ ಏನೂ ಆಗಿಲ್ಲ. ಭಾನುವಾರ ಬಸ್ಸಿನಿಂದ ಇಳಿ. ಕಿವಿಗೆ ಹತ್ತಿ ತುರುಕಿಕೊಳ್ಳಬೇಡ, ತಲೆ ತಗ್ಗಿಸಬೇಡ. ಎಲ್ಲರೂ ಬಾರೋ ಗುಂಡ ಅಂತ ಕೂಗುತ್ತಾರೆ. ಅಷ್ಟು ಜನರಲ್ಲಿ ಒಬ್ಬಳು ನಿನ್ನನ್ನು ಬರಲಿ ಅಂತಲೇ ಕರೆಯುತ್ತಿರುತ್ತಾಳೆ. ಆ ಗಂಟಲು ನಿನಗೆ ಗುರುತು ಸಿಗದೆ ಇರುವುದಿಲ್ಲ. ಎಡಗಡೆ ಬಾಗಿಲಿನ ಹತ್ತಿರ, ನೀಲಿ ಜೆರ್ಸಿ. ಅವಳ ಕಡೆ ತಿರುಗಿ ಕೈ ಎತ್ತು. ಅಷ್ಟು ಮಾಡಿದರೆ ಸಾಕು. ಆಮೇಲೆ ನಮ್ಮ ತಂಡಕ್ಕೆ ಐದು ಗೋಲು ಹೊಡೆ, ಹತ್ತು ಹೊಡೆ, ಕೇಳುವವರಿಲ್ಲ. ಊರಿನವರು ಏನಾದರೂ ಅಂದುಕೊಳ್ಳಲಿ, ಅವರ ಸಿಟ್ಟು ಅವರಿಗೆ. ಆಟ ಮುಗಿದ ಮೇಲೆ ಮನೆಗೆ ಬಂದರೆ ನಾನು ಬೈಯುತ್ತೇನೆ, ಬರದಿದ್ದರೆ ಇನ್ನೂ ಹೆಚ್ಚು ಬೈಯುತ್ತೇನೆ. ಯಾವುದು ಬೇಕೋ ನೋಡಿಕೋ.

ಕ್ಷಮಿಸು ಅಂತ ನಾನು ಬರೆಯುವುದಿಲ್ಲ. ನೀನೂ ಬರೆದಿಲ್ಲ. ಸೀಟಿಯ ಬಸ್ಸು ಹೊರಡುವ ಹೊತ್ತಾಯಿತು, ಹೊರಗೆ ನಿಂತು ಊದುತ್ತಿದ್ದಾನೆ.

ನಿನ್ನ ಮೇಲೆ ಇನ್ನೂ ಸಿಟ್ಟಿರುವ,
ಅಕ್ಕ

ಬರೆಯಬಾರದು ಅಂದುಕೊಂಡಿದ್ದೆ. ಬಸ್ಸು ಐದು ನಿಮಿಷ ತಡವಂತೆ, ಹಾಗಾಗಿ ಬರೆಯುತ್ತೇನೆ. ಈ ಲಕೋಟೆಯೊಳಗೆ ಒಂದು ಚೂರು ಬಿಳಿ ಬಟ್ಟೆ ಸಿಗುತ್ತದೆ, ಕಸವೆಂದು ಎಸೆಯಬೇಡ. ನಿನ್ನ ಮೊದಲ ಜೆರ್ಸಿಯ ಎರಡನೆಯ ಕೊಂಬು ಅದು.

ಒಂಬತ್ತು ವರ್ಷದ ಹಿಂದೆ ಕೋಚ್ ಕಳಿಸಿದ ಹೆಸರಿನ ಪಟ್ಟಿಯಲ್ಲಿ ಗುಂಡ ಅಂತ ಸರಿಯಾಗಿಯೇ ಇತ್ತು. ಮನೆಯಲ್ಲಿ ಏನಂತ ಕರೀತೀರಿ ಅಂತ ಅವರು ಕೇಳಿದ್ದಕ್ಕೆ ಅಮ್ಮ ಆಸೆಪಟ್ಟು ಬರೆಸಿದ ಹೆಸರು. ಅವತ್ತು ಮಧ್ಯಾಹ್ನ ನೀನು ಇದೇ ಬಾಗಿಲಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಂತು, ಆ ಹೆಸರು ಕೇಳಿದರೆ ಮೈಯೆಲ್ಲ ಉರಿಯುತ್ತೆ, ಅದನ್ನ ಬೆನ್ನ ಮೇಲೆ ಹಾಕಿದರೆ ನಾಳೆಯಿಂದ ಮೈದಾನಕ್ಕೆ ಹೋಗಲ್ಲ, ಅಮ್ಮನ ಮುಖಾನೂ ನೋಡಲ್ಲ ಅಂತ ಅತ್ತೆ. ನೀನು ಮರೆತಿದ್ದೀಯ. ನೀನು ಅತ್ತ ಕಡೆ ಹೋದೆ, ಇತ್ತ ಕಡೆಯಿಂದ ಅಮ್ಮ ಬಂದು, ಅವನ ಹೆಸರು ಹೊಲಿದೆಯಾ, ತೋರಿಸು ಅಂದಳು. ನಾಳೆ ನೋಡುವೆಯಂತೆ ಅಂದೆ. ಅವಳು ಹೋದ ಮೇಲೆ ಇನ್ನೊಂದು ಕೊಂಬು ಕತ್ತರಿಸಿ ಹೊಲಿದೆ. ಮರುದಿನ ಒಂದು ಹೆಸರು ನೆಟ್ಟಗೆ ಬರೆಯಕ್ಕೆ ಬರಲ್ವಾ ನಿನಗೆ ಅಂತ ಕೋಚ್ ಎದುರಿಗೇ ಅಮ್ಮ ಬೈದಳು. ತಪ್ಪಾಯ್ತಮ್ಮ ಅಂದೆ. ಅವಳಿಟ್ಟ ಹೆಸರಿಗೆ ನೀನು ನಾಚುತ್ತೀಯ ಅಂತ ಅವಳಿಗೆ ತಿಳಿಯುವುದಕ್ಕಿಂತ ನನಗೆ ಕಾಗುಣಿತ ಬರುವುದಿಲ್ಲ ಅನ್ನಿಸಿಕೊಳ್ಳುವುದು ವಾಸಿ ಅನ್ನಿಸಿತು. ಶಾಲೆ ಬಿಡುವ ದಿನದವರೆಗೂ ಉಕ್ತಲೇಖನದಲ್ಲಿ ನನಗೆ ಹತ್ತಕ್ಕೆ ಹತ್ತು ಬರುತ್ತಿತ್ತು ಕಣೋ.

ಭಾನುವಾರ ನೀನು ಬಸ್ಸಿನಲ್ಲೇ ಕೂತರೆ, ಅಷ್ಟು ಕರೆದರೂ ಯಾಕೆ ಬರಲಿಲ್ಲ ಅಂತ ಅವಳು ನನ್ನನ್ನೇ ಕೇಳುತ್ತಾಳೆ. ಈ ಸಲ ತಪ್ಪಾಯ್ತಮ್ಮ ಅಂತ ಹೇಳಲು ನನ್ನ ಹತ್ತಿರ ಇನ್ನೊಂದು ಕೊಂಬಿಲ್ಲ.